ಕಿವಿ ಮೊದಲು, ಬಾವಲಿ ಆಮೇಲೆ

ದೀಪಕ್ಕೆ ಮುಗಿಬೀಳುವ ಪತಂಗ ನಮ್ಮ ಮಾತಿನಲ್ಲಿ ಬಹುಕಾಲದಿಂದ ಮೋಹಕ್ಕೂ ಮೂರ್ಖತನಕ್ಕೂ ಉಪಮೆ. ಹೂವಿಂದ ಹೂವಿಗೆ ಹಾರುವ ಚಿಟ್ಟೆ ಚಂಚಲ ಮನಸ್ಸಿಗೆ ಉಪಮೆ. ಉಪಮೆಯಾಗಿಯೇ ಉಳಿದರೆ ಇವುಗಳಿಂದ ಯಾರಿಗೂ ನಷ್ಟವಿಲ್ಲ. ಆದರೆ ಇವುಗಳ ಬೆನ್ನಿಗೇ ವಿಜ್ಞಾನದ ಹೆಸರಿನಲ್ಲಿ ಇನ್ನಷ್ಟು ಮಾತುಗಳು ಚಾಲ್ತಿಗೆ ಬಂದಿವೆ. ಬಾವಲಿಯಿಂದ ತಪ್ಪಿಸಿಕೊಳ್ಳಲೆಂದೇ ಪತಂಗಕ್ಕೆ ಕಿವಿ ಮೂಡಿತಂತೆ. ಮಕರಂದ ಹೀರಲೆಂದೇ ಅದರ ಬಾಯಿ ಕೊಳವೆಯಾಯಿತಂತೆ. ಹೊಸ ಬಾಳು ಶುರುವಾಗಲೆಂದೇ ಕೋಶದೊಳಗೆ ಹಳೆಯ ಮಿದುಳು ಅಳಿಸಿಹೋಗುತ್ತದಂತೆ. ಒಂದೊಂದೂ ಕೇಳುವುದಕ್ಕೆ ಸರಿಯೆನಿಸುತ್ತದೆ. ಈ ಎಲ್ಲ ಮಾತುಗಳಲ್ಲೂ ‘ಎಂದೇ’ ಎಂಬ ಪುಟ್ಟ ಪದವೊಂದು ಕೂತಿದೆ. ತಪ್ಪು ಅಡಗಿರುವುದು ಅದರಲ್ಲೇ. ಒಂದು ಅಂಗ ಇಂದು ಯಾವ ಕೆಲಸಕ್ಕೆ ಒದಗುತ್ತಿದೆಯೋ ಆ ಕೆಲಸಕ್ಕಾಗಿಯೇ ಅದು ಹುಟ್ಟಿತೆಂದು ನಾವು ನಂಬಿಬಿಡುತ್ತೇವೆ. ಚಿಟ್ಟೆ-ಪತಂಗಗಳ ಇಂದ್ರಿಯಗಳ ಚರಿತ್ರೆಯನ್ನು ಬಿಡಿಸುತ್ತ ಹೋದರೆ ಕಾಣುವುದು ಬಹುಮಟ್ಟಿಗೆ ಇದರ ತಿರುವುಮುರುವು: ಅಂಗ ಹಳೆಯದು, ಉಪಯೋಗ ಹೊಸದು.

ತಪ್ಪು ಕಲ್ಪನೆ 1: ಪತಂಗಕ್ಕೆ ಕಿವಿ ಬಂದದ್ದೂ ಚಿಟ್ಟೆ ಹಗಲಿಗೆ ಬಂದದ್ದೂ ಬಾವಲಿಯಿಂದಾಗಿ

ಸತ್ಯ: ಬಾವಲಿಗೂ ಪತಂಗಕ್ಕೂ ನಡುವೆ ಕಾಳಗವಿರುವುದು ನಿಜ. ಬಾವಲಿ ನಮಗೆ ಕೇಳಿಸದಷ್ಟು ಕೀರಲು ಸದ್ದು ಹೊರಡಿಸಿ, ಅದರ ಪ್ರತಿಧ್ವನಿಯ ಜಾಡು ಹಿಡಿದು ಕತ್ತಲಲ್ಲಿ ಬೇಟೆಯಾಡುತ್ತದೆ. ಆ ಸದ್ದನ್ನು ಪತಂಗ ಹೇಗೆ ಕೇಳಿಸಿಕೊಳ್ಳುತ್ತದೆ ಎಂಬುದನ್ನು ಅಮೆರಿಕದ ಕೆನೆತ್ ರೋಡರ್ 1950ರ ದಶಕದಿಂದ ತಾಳ್ಮೆಯಿಂದ ಪರೀಕ್ಷಿಸಿದರು. ನಾಕ್ಟುಯಿಡ್ ಗುಂಪಿನ ಪತಂಗದ ಒಂದೊಂದು ಕಿವಿಯಲ್ಲಿ ಇರುವುದು ಎರಡೇ ಶ್ರವಣಕೋಶ. ಮೊದಲನೆಯದು ಚುರುಕು, ದೂರದ ಬಾವಲಿಯ ಕ್ಷೀಣ ಸದ್ದಿಗೂ ಮಿಡಿಯುತ್ತದೆ, ಪತಂಗ ದಿಕ್ಕು ತಿರುಗಿಸಿ ದೂರ ಸರಿಯುತ್ತದೆ. ಎರಡನೆಯದು ಮಂದ, ಸದ್ದು ಜೋರಾದರೆ, ಅಂದರೆ ಬಾವಲಿ ಮೈಮೇಲೆ ಬಂದರೆ ಮಾತ್ರ ಮಿಡಿಯುತ್ತದೆ. ಆಗ ಪತಂಗ ಅಡ್ಡಾದಿಡ್ಡಿ ಸುತ್ತುತ್ತದೆ, ಇಲ್ಲವೆ ರೆಕ್ಕೆ ಮಡಚಿ ಕಲ್ಲಿನಂತೆ ನೆಲಕ್ಕೆ ಬೀಳುತ್ತದೆ ಎಂಬುದು ರೋಡರ್ ಕೊಟ್ಟ ವಿವರಣೆ. ಬೀಗಕ್ಕೆ ಇಷ್ಟು ಚೆನ್ನಾಗಿ ಹೊಂದುವ ಕೀಲಿಯನ್ನು ಕಂಡಾಗ ಇದನ್ನು ಬೀಗಕ್ಕೆಂದೇ ಮಾಡಿದ್ದು ಎನಿಸುವುದು ಸಹಜ. ಆದರೆ 2019ರಲ್ಲಿ ಅಕಿಟೊ ಕವಹಾರಾ ಮತ್ತು ಸಂಗಡಿಗರು 186 ಪ್ರಭೇದಗಳ ಎರಡು ಸಾವಿರಕ್ಕೂ ಹೆಚ್ಚು ಜೀನ್‌ಗಳನ್ನು ಹೋಲಿಸಿ ಚಿಟ್ಟೆ-ಪತಂಗಗಳ ವಂಶವೃಕ್ಷಕ್ಕೆ ಕಾಲಮಾನ ಹೊಂದಿಸಿದಾಗ ಲೆಕ್ಕ ತಪ್ಪಿತು. ಪತಂಗಗಳಲ್ಲಿ ಕಿವಿ ಒಂದಲ್ಲ, ಹಲವು ಸಲ ಬೇರೆ ಬೇರೆಯಾಗಿ ಹುಟ್ಟಿದೆ. ಅವುಗಳಲ್ಲಿ ಕೆಲವು ಬಾವಲಿಗಳು ಹುಟ್ಟುವುದಕ್ಕೆ ಕೋಟ್ಯಂತರ ವರ್ಷ ಮೊದಲೇ ಇದ್ದವು. ಬಾವಲಿಯ ಅತಿ ಹಳೆಯ ಪೂರ್ಣ ಪಳೆಯುಳಿಕೆಗಳಿಗೆ ಸುಮಾರು 5.2 ಕೋಟಿ ವರ್ಷ. ಅಷ್ಟು ಹೊತ್ತಿಗೆ ಕಿವಿಯುಳ್ಳ ಪತಂಗಗಳು ಹಳೆಯ ಕುಳಗಳಾಗಿದ್ದವು.

ಹಾಗಾದರೆ ಆ ಕಿವಿಗಳು ಬಾವಲಿಯ ಸದ್ದಿಗೆ ಇಷ್ಟು ಕರಾರುವಾಕ್ಕಾಗಿ ಶ್ರುತಿಗೊಂಡಿರುವುದು ಹೇಗೆ ಎಂದು ಕೇಳಬಹುದು. ಶ್ರುತಿ ಮಾಡಿದ್ದು ಬಾವಲಿಯೇ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಶ್ರುತಿ ಮಾಡುವುದು ಬೇರೆ, ವಾದ್ಯ ಕಟ್ಟುವುದು ಬೇರೆ. ಕೀಟದ ಮೈಯಲ್ಲಿ ರೆಕ್ಕೆ ಎಷ್ಟು ಆಡಿತು, ಹೊಟ್ಟೆ ಎಷ್ಟು ಬಾಗಿತು ಎಂದು ತಿಳಿಸುವ ಎಳೆತ-ಸಂವೇದಕಗಳು ಎಲ್ಲೆಡೆ ಇವೆ. ಅವುಗಳ ಪಕ್ಕದ ಚರ್ಮ ತೆಳುವಾಗಿ ಗಾಳಿಯ ಕಂಪನಕ್ಕೆ ಮಣಿಯತೊಡಗಿದರೆ ಅದೇ ಕಿವಿಯಾಗುತ್ತದೆ. ಅದಕ್ಕೇ ಪತಂಗದ ಕಿವಿಗೆ ಗೊತ್ತಾದ ಜಾಗವೇ ಇಲ್ಲ: ನಾಕ್ಟುಯಿಡ್‌ಗಳಿಗೆ ಎದೆಯ ಹಿಂಬದಿಯಲ್ಲಿ, ಜಿಯೋಮೆಟ್ರಿಡ್ ಗುಂಪಿನ ಪತಂಗಗಳಿಗೆ ಹೊಟ್ಟೆಯ ಬುಡದಲ್ಲಿ, ಹಾಕ್ ಮಾತ್ ಗುಂಪಿನ ಕೆಲವಕ್ಕೆ ಬಾಯಿಯ ಭಾಗಗಳಲ್ಲಿ. ಒಂದೇ ಶತ್ರುವಿಗೆಂದು ಒಂದೇ ಸಲ ಎರಕ ಹೊಯ್ದ ಅಂಗ ಹೀಗೆ ಚೆಲ್ಲಾಪಿಲ್ಲಿಯಾಗಿ ಇರುತ್ತಿರಲಿಲ್ಲ. ಇನ್ನು ಚಿಟ್ಟೆ ಹಗಲಿಗೆ ಬಂದ ಕಥೆ. ಚಿಟ್ಟೆ ಮತ್ತು ಪತಂಗ ಸರಿಸಮಾನವಾದ ಎರಡು ಕುಲಗಳಲ್ಲ. ಹೆಸರಿಟ್ಟಿರುವ ಸುಮಾರು 1,60,000 ಪ್ರಭೇದಗಳ ಪತಂಗವೃಕ್ಷದಲ್ಲಿ ಚಿಟ್ಟೆ ಒಂದು ಕೊಂಬೆ ಮಾತ್ರ; ಅದರ ಪಾಲು ಸುಮಾರು 19,000. ಹಗಲಲ್ಲಿ ಹಾರುವ ಪತಂಗಗಳ ಒಂದು ಬಳಗಕ್ಕೆ ನಾವು ಚಿಟ್ಟೆ ಎಂದು ಹೆಸರಿಟ್ಟಿದ್ದೇವೆ ಅಷ್ಟೆ. ಆ ಕೊಂಬೆ ಒಡೆದದ್ದು ಸುಮಾರು 10 ಕೋಟಿ ವರ್ಷ ಹಿಂದೆ. ಇನ್ನೂ ಹುಟ್ಟದ ಬಾವಲಿಗೆ ಹೆದರಿ ಅದು ಹಗಲಿಗೆ ಓಡಿಬರಲು ಸಾಧ್ಯವಿಲ್ಲ. ಬಾವಲಿಯ ನಿಜವಾದ ಕೈವಾಡ ನೋಡಬೇಕೆಂದರೆ ಮಧ್ಯ ಮತ್ತು ದಕ್ಷಿಣ ಅಮೆರಿಕದ ಹೆಡಿಲಿಡ್ ಚಿಟ್ಟೆಗಳಿವೆ. ಅವು ಚಿಟ್ಟೆಗಳಾಗಿಯೂ ರಾತ್ರಿ ಹಾರುತ್ತವೆ, ಮುಂರೆಕ್ಕೆಯ ಬುಡದಲ್ಲಿ ಬಾವಲಿಯ ಸದ್ದು ಹಿಡಿಯುವ ಕಿವಿ ಇಟ್ಟುಕೊಂಡಿವೆ.

ತಪ್ಪು ಕಲ್ಪನೆ 2: ಹೀರುಗೊಳವೆ ಹೂವಿಗೆಂದೇ ಹುಟ್ಟಿತು

ಸತ್ಯ: ಇದು ಡಾರ್ವಿನ್ನನ ಒಂದು ಹೆಸರಾಂತ ಊಹೆಯಿಂದ ಬಲ ಪಡೆದ ನಂಬಿಕೆ. ಮಡಗಾಸ್ಕರಿನ ಆರ್ಕಿಡ್ ಒಂದರ ಸುಮಾರು ಒಂದಡಿ ಉದ್ದದ ಮಕರಂದನಾಳವನ್ನು ನೋಡಿ, ಅಷ್ಟೇ ಉದ್ದದ ಹೀರುಗೊಳವೆಯ ಪತಂಗ ಇರಲೇಬೇಕೆಂದು 1862ರಲ್ಲಿ ಆತ ಬರೆದ. ಅಂಥ ಪತಂಗಕ್ಕೆ 1903ರಲ್ಲಿ ಹೆಸರಿಡಲಾಯಿತು. ಊಹೆ ಸರಿಯೇ, ಆದರೆ ಅದು ಹೇಳುವುದು ಕೊಳವೆ ಉದ್ದವಾದ ಕಥೆಯನ್ನು, ಕೊಳವೆ ಹುಟ್ಟಿದ ಕಥೆಯನ್ನಲ್ಲ. 2018ರಲ್ಲಿ ಉತ್ತರ ಜರ್ಮನಿಯ ಭೂಗರ್ಭದಿಂದ ಕೊರೆದು ತೆಗೆದ ಕೆಸರುಗಲ್ಲಿನಲ್ಲಿ ಸುಮಾರು 20 ಕೋಟಿ ವರ್ಷ ಹಿಂದಿನ ರೆಕ್ಕೆಯ ಹುರುಪೆಗಳು ಸಿಕ್ಕಿದ್ದು ವರದಿಯಾಯಿತು. ಕೆಲವು ಹುರುಪೆಗಳ ಒಳಗು ಟೊಳ್ಳು. ಇಂದು ಅಂಥ ಟೊಳ್ಳು ಹುರುಪೆ ಇರುವುದು ಹೀರುಗೊಳವೆಯುಳ್ಳ ಬಳಗದಲ್ಲಿ. ಹೂಬಿಡುವ ಗಿಡಗಳ ನಿರ್ವಿವಾದ ಪಳೆಯುಳಿಕೆಗಳಿಗಾದರೋ ಸುಮಾರು 13 ಕೋಟಿ ವರ್ಷ. ಹೂವಿಲ್ಲದ ಲೋಕದಲ್ಲಿ ಕೊಳವೆಯಿಂದ ಕುಡಿಯಲು ಏನಿತ್ತು? ಬಿಸಿಲು ಸುಡುವ ಒಣ ಕಾಲದಲ್ಲಿ ನೀರಹನಿಯೇ ಇತ್ತು. ಶಂಕುಧಾರಿ ಮರಗಳ ಬೀಜಾಂಡಗಳು ಪರಾಗ ಹಿಡಿಯಲು ಒಸರುವ ಸಿಹಿ ಹನಿಯೂ ಇತ್ತು. ಬಾಯಾರಿಕೆಗೆ ಒದಗಿದ ಕೊಳವೆ ಮುಂದೆ ಹೂವಿಗೂ ಒದಗಿತು.

ತಪ್ಪು ಕಲ್ಪನೆ 3: ಪತಂಗ ಬೆಳಕನ್ನು ಮೋಹಿಸಿಯೋ ಚಂದ್ರನೆಂದು ಭ್ರಮಿಸಿಯೋ ದೀಪಕ್ಕೆ ಬರುತ್ತದೆ

ಸತ್ಯ: ಮೋಹದ ಮಾತು ಕವಿಗಳದು. ಚಂದ್ರನ ಮಾತು ಪಠ್ಯಪುಸ್ತಕಗಳದು: ಪತಂಗ ಚಂದ್ರನನ್ನು ಒಂದೇ ಕೋನದಲ್ಲಿ ಇಟ್ಟುಕೊಂಡು ನೇರವಾಗಿ ಹಾರುತ್ತದೆ, ದೀಪವನ್ನೇ ಚಂದ್ರ ಎಂದುಕೊಂಡಾಗ ಸುರುಳಿ ಸುತ್ತಿ ಬೀಳುತ್ತದೆ ಎಂದು. ಕೋಸ್ಟರಿಕದ ಮಾಂಟೆವೆರ್ಡೆಯ ಕಾಡಿನಲ್ಲೂ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಪ್ರಯೋಗಾಲಯದಲ್ಲೂ ಅತಿವೇಗದ ಕ್ಯಾಮೆರಾ ಇಟ್ಟು ನಡೆಸಿದ, 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡದ್ದು ಇವೆರಡೂ ಅಲ್ಲ. ನಿಧಾನಗತಿಯ ಚಿತ್ರದಲ್ಲಿ ಕೀಟ ದೀಪಕ್ಕೆ ಮುಖ ಮಾಡುವುದಿಲ್ಲ, ಬೆನ್ನು ಮಾಡುತ್ತದೆ. ದೀಪದ ಪಕ್ಕ ಹಾದಾಗ ಬೆನ್ನು ಆ ಕಡೆಗೆ ವಾಲುತ್ತದೆ, ಹಾದಿ ಬಾಗಿ ದೀಪದ ಸುತ್ತ ಪ್ರದಕ್ಷಿಣೆಯಾಗುತ್ತದೆ. ದೀಪದ ಕೆಳಗೆ ಬಂದಾಗ ತಲೆ ಮೇಲೆತ್ತಿ ವೇಗ ಕಳೆದುಕೊಳ್ಳುತ್ತದೆ. ದೀಪದ ಮೇಲೆ ಹಾದಾಗಂತೂ ಅಂಗಾತವಾಗಿ ಮಗುಚಿ ಕೆಳಗುರುಳುತ್ತದೆ. ತಲೆಯ ಮೇಲೆ ಬಿಳಿ ಬಟ್ಟೆ ಕಟ್ಟಿ ಅದರ ಮೇಲೆ ಬೆಳಕು ಹರಡಿದರೆ ಕೀಟಗಳು ಸರಾಗವಾಗಿ ದಾಟಿಹೋದವು. ಅದೇ ಬೆಳಕನ್ನು ನೆಲದ ಬಟ್ಟೆಯ ಮೇಲೆ ಹರಡಿದರೆ ಮಗುಚಿ ಬಿದ್ದವು. ಕಾರಣ ಸರಳ. ಗರಗರ ತಿರುಗುವ ಪುಟ್ಟ ದೇಹಕ್ಕೆ ಯಾವುದು ಮೇಲೆ, ಯಾವುದು ಕೆಳಗೆ ಎಂದು ಗುರುತ್ವದಿಂದ ಅರಿಯುವುದು ಕಷ್ಟ. ಕೋಟ್ಯಂತರ ವರ್ಷ, ರಾತ್ರಿಯಲ್ಲೂ, ನೆಲಕ್ಕಿಂತ ಆಕಾಶ ಬೆಳ್ಳಗಿತ್ತು. ‘ಬೆಳಕಿನ ಕಡೆ ಬೆನ್ನಿರಲಿ’ ಎಂಬ ಒಂದೇ ನಿಯಮ ಸಾಕಾಗಿತ್ತು. ವಿದ್ಯುದ್ದೀಪ ಮನೆಬೀದಿಗಳಿಗೆ ಬಂದು ಸುಮಾರು 150 ವರ್ಷವಷ್ಟೇ ಆಗಿದೆ.

ಇಷ್ಟು ಅಪಾಯಕಾರಿ ನಿಯಮವನ್ನು ವಿಕಾಸ ಯಾಕೆ ತಿದ್ದಲಿಲ್ಲ ಎಂಬುದು ನ್ಯಾಯವಾದ ಪ್ರಶ್ನೆ. ತಿದ್ದತೊಡಗಿದೆ ಎನ್ನಲು ಪುರಾವೆ ಇದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಸುತ್ತಮುತ್ತ ಬೆಳಕು ತುಂಬಿದ ಜಾಗಗಳಿಂದಲೂ ಕತ್ತಲ ಜಾಗಗಳಿಂದಲೂ ಒಂದು ಎರ್ಮೈನ್ ಪತಂಗದ ಮರಿಹುಳುಗಳನ್ನು ತಂದು ಒಂದೇ ಬಗೆಯಲ್ಲಿ ಸಾಕಿ ನೋಡಿದಾಗ, ಬೆಳಕಿನ ಊರಿನ ಸಂತತಿ ದೀಪಕ್ಕೆ ಬರುವುದು ಸುಮಾರು ಶೇಕಡ 30ರಷ್ಟು ಕಡಿಮೆಯಾಗಿತ್ತೆಂದು 2016ರಲ್ಲಿ ವರದಿಯಾಯಿತು. ಎಲ್ಲ ಪತಂಗಗಳೂ ಒಂದೇ ಎಂದೂ ಅಲ್ಲ. ನಮ್ಮ ಕಣಗಿಲೆ ಗಿಡದ ಎಲೆ ತಿಂದು ಬೆಳೆಯುವ ಹಸಿರು ಹಾಕ್ ಮಾತ್ ಲಂಡನ್ನಿನ ಪ್ರಯೋಗದಲ್ಲಿ ದೀಪವನ್ನು ಲೆಕ್ಕಿಸದೆ ಅದರ ಮೇಲೆಯೇ ನೆಟ್ಟಗೆ ಹಾರಿಹೋಯಿತು. ರಾತ್ರಿಯ ಕಣ್ಣು ಮಂಕು ಎಂದೂ ಯಾರೂ ತಿಳಿಯಬೇಕಿಲ್ಲ. ಎಲಿಫೆಂಟ್ ಹಾಕ್ ಮಾತ್ ಎಂಬ ಯುರೋಪಿನ ಪತಂಗ, ಮನುಷ್ಯರಿಗೆ ಎಲ್ಲವೂ ಬೂದಿಬಣ್ಣವಾಗುವ ನಕ್ಷತ್ರದ ಬೆಳಕಿನಲ್ಲೂ ಹೂವಿನ ಬಣ್ಣ ಬೇರ್ಪಡಿಸುತ್ತದೆಂದು ಸ್ವೀಡನ್ನಿನ ಅಲ್ಮುಟ್ ಕೆಲ್ಬರ್ ಮತ್ತು ಜೊತೆಗಾರರು 2002ರಲ್ಲೇ ತೋರಿಸಿದರು. ದೀಪದ ಬುಡದಲ್ಲಿ ಬಿದ್ದಿರುವ ಪತಂಗದ ಕಣ್ಣಿನಲ್ಲಿ ದೋಷವಿಲ್ಲ; ಅದು ನಂಬಿದ ಆಕಾಶವನ್ನು ನಾವು ಕೆಳಗಿಳಿಸಿದ್ದೇವೆ.

ತಪ್ಪು ಕಲ್ಪನೆ 4: ಕೋಶದೊಳಗೆ ಕಂಬಳಿಹುಳು ಪೂರ್ತಿ ಕರಗಿ, ನೆನಪೆಲ್ಲ ಅಳಿಸಿ, ಚಿಟ್ಟೆ ಹೊಸದಾಗಿ ಹುಟ್ಟುತ್ತದೆ

ಸತ್ಯ: ಕೋಶವನ್ನು ಒಡೆದರೆ ಗಂಜಿಯಂಥ ದ್ರವ ಸೋರುವುದು ನಿಜ. ಹುಳುವಿನ ಸ್ನಾಯು, ಕರುಳುಗಳ ಬಹುಭಾಗ ಕಳಚಿಹೋಗುವುದೂ ನಿಜ. ಆದರೆ ರೆಕ್ಕೆ, ಕಾಲು, ಕುಡಿಮೀಸೆಗಳ ಮೊಳಕೆಗಳು ಹುಳುವಿನ ಮೈಯಲ್ಲಿ ಮೊದಲೇ ಇರುತ್ತವೆ. 2013ರಲ್ಲಿ ಪೇಂಟೆಡ್ ಲೇಡಿ ಚಿಟ್ಟೆಯ ಜೀವಂತ ಕೋಶಗಳನ್ನು ಒಡೆಯದೆ ದಿನದಿನವೂ ಸಿಟಿ ಸ್ಕ್ಯಾನ್ ಮಾಡಿದಾಗ ಉಸಿರಾಟದ ನಾಳಗಳು ಕರಗದೆ ಉಳಿದು ಬೆಳೆಯುವುದು ಕಂಡಿತು. ಮಿದುಳೂ ಅಳಿಯುವುದಿಲ್ಲ, ದುರಸ್ತಿಯಾಗುತ್ತದೆ. 2008ರಲ್ಲಿ ಅಮೆರಿಕದ ಡಗ್ಲಸ್ ಬ್ಲಾಕಿಸ್ಟನ್, ಮಾರ್ತಾ ವೈಸ್ ಮುಂತಾದವರು ತಂಬಾಕು ಹಾಕ್ ಮಾತ್‌ನ ಹುಳುಗಳಿಗೆ ಒಂದು ಪಾಠ ಕಲಿಸಿದರು: ಉಗುರುಬಣ್ಣ ಅಳಿಸುವ ದ್ರಾವಣದಂಥ ಒಂದು ವಾಸನೆ, ಅದರ ಜೊತೆಗೇ ಸಣ್ಣ ವಿದ್ಯುತ್ ಆಘಾತ. ಕೊನೆಯ, ಅಂದರೆ ಐದನೆಯ ಹಂತದಲ್ಲಿ ಪಾಠ ಕಲಿತ ಹುಳುಗಳು ಕೋಶ ಕಳೆದು ಪತಂಗವಾದ ಮೇಲೂ ಬಹುಪಾಲು ಆ ವಾಸನೆಯಿಂದ ದೂರ ಸರಿದವು. ಮೂರನೆಯ ಹಂತದಲ್ಲಿ ಕಲಿತವುಗಳಲ್ಲಿ ಆ ನೆನಪು ಪತಂಗದ ತನಕ ಉಳಿಯಲಿಲ್ಲ. ವಾಸನೆಯೇ ಮೈಗೆ ಅಂಟಿಕೊಂಡು ಬಂದಿರಬಹುದಲ್ಲ ಎಂದು ಆಕ್ಷೇಪಿಸಬಹುದು. ಸಂಶೋಧಕರು ಅದನ್ನೂ ಪರೀಕ್ಷಿಸಿದ್ದರು. ಪಾಠ ಕಲಿಯದ ಹುಳುಗಳ ಕೋಶಕ್ಕೆ ವಾಸನೆ ಬಳಿದರೂ ಪತಂಗ ಅದನ್ನು ದ್ವೇಷಿಸಲಿಲ್ಲ. ಮೇಲಾಗಿ, ಅಂಟಿದ ವಾಸನೆಯೇ ಕಾರಣವಾಗಿದ್ದರೆ ಆಘಾತವಿಲ್ಲದೆ ಬರೀ ವಾಸನೆ ಕಂಡ ಹುಳುಗಳೂ ಹಾಗೇ ವರ್ತಿಸಬೇಕಿತ್ತು. ನೆನಪಿನ ನೆಲೆಯಾದ ಮಿದುಳಿನ ಅಣಬೆಯಾಕಾರದ ಭಾಗಗಳು ಹುಳುವಿನ ಕೊನೆಯ ಹಂತದ ಹೊತ್ತಿಗೆ ಬಲಿತು, ಕೋಶವನ್ನು ದಾಟಿ ಉಳಿಯುತ್ತವೆ ಎಂಬುದು ಇದಕ್ಕೆ ಅವರು ಕೊಟ್ಟ ವಿವರಣೆ.

ತಪ್ಪು ಕಲ್ಪನೆ 5: ಇಷ್ಟು ಚಿಕ್ಕ ಮಿದುಳಿನ ಜೀವಿ ಬರೀ ಯಂತ್ರ

ಸತ್ಯ: ಗುಂಡುಸೂಜಿಯ ತಲೆಯಷ್ಟು ಮಿದುಳು ಎಷ್ಟು ಮಾಡಬಲ್ಲದು ಎಂಬುದಕ್ಕೆ ಕರ್ನಾಟಕದಲ್ಲೇ ಸಾಕ್ಷಿಯಿದೆ. ಡಾರ್ಕ್ ಬ್ಲೂ ಟೈಗರ್, ಕಾಮನ್ ಕ್ರೋ ಮುಂತಾದ ಚಿಟ್ಟೆಗಳು ಮುಂಗಾರಿಗೆ ಮುನ್ನ ಪಶ್ಚಿಮ ಘಟ್ಟ ಬಿಟ್ಟು ಪೂರ್ವದ ಬಯಲಿಗೂ ಗುಡ್ಡಗಳಿಗೂ ಹಿಂಡುಹಿಂಡಾಗಿ ಹೊರಡುತ್ತವೆ, ಮಳೆ ಕಳೆದ ಮೇಲೆ ಘಟ್ಟದ ಕಡೆಗೆ ಹಿಂತಿರುಗುವ ಹಾರಾಟ ನಡೆಯುತ್ತದೆ. ಬೆಂಗಳೂರಿನ ಮೇಲೆ ಹಾದುಹೋಗುವ ಈ ಹಿಂಡುಗಳನ್ನು ಕೃಷ್ಣಮೇಘ ಕುಂಟೆ ಮುಂತಾದವರು ದಾಖಲಿಸಿದ್ದಾರೆ. ಇವುಗಳ ಹತ್ತಿರದ ಬಂಧು ಅಮೆರಿಕದ ಮೊನಾರ್ಕ್ ಸೂರ್ಯನನ್ನು ದಿಕ್ಸೂಚಿ ಮಾಡಿಕೊಳ್ಳುತ್ತದೆ. ಸೂರ್ಯ ಜರುಗುತ್ತ ಹೋಗುವುದರಿಂದ ಜೊತೆಗೊಂದು ಗಡಿಯಾರವೂ ಬೇಕು. ಆ ಗಡಿಯಾರ ಇರುವುದು ಕುಡಿಮೀಸೆಯಲ್ಲಿ ಎಂದು 2009ರಲ್ಲಿ ಗೊತ್ತಾಯಿತು. ಮೀಸೆಗೆ ಕಪ್ಪು ಬಣ್ಣ ಬಳಿದರೆ ದಿಕ್ಕು ತಪ್ಪುತ್ತದೆ, ಪಾರದರ್ಶಕ ಬಣ್ಣ ಬಳಿದರೆ ತಪ್ಪುವುದಿಲ್ಲ. ವಾಸನೆಯ ಅಂಗವೊಂದು ಹೊತ್ತು ತಿಳಿಸುವ ಕೆಲಸವನ್ನೂ ಹೊತ್ತಿದೆ. ಇದೆಲ್ಲ ಹುಟ್ಟುಗುಣ, ಬುದ್ಧಿಯಲ್ಲ ಎನ್ನುವವರಿಗೆ ಲ್ಯಾಟಿನ್ ಅಮೆರಿಕದ ಹೆಲಿಕೋನಿಯಸ್ ಚಿಟ್ಟೆಗಳನ್ನು ತೋರಿಸಬಹುದು. ಬರೀ ಮಕರಂದವಲ್ಲದೆ ಪರಾಗವನ್ನೂ ತಿನ್ನುವ ಇವು ತಿಂಗಳುಗಟ್ಟಲೆ ಬದುಕುತ್ತವೆ, ಅದೇ ಹೂಗಳನ್ನು ಅದೇ ಹಾದಿಯಲ್ಲಿ ದಿನವೂ ಸುತ್ತುತ್ತವೆ. ಹತ್ತಿರದ ಬಂಧುಗಳಿಗಿಂತ ಇವುಗಳ ಮಿದುಳಿನ ಅಣಬೆಯಾಕಾರದ ಭಾಗಗಳು ಮೂರು-ನಾಲ್ಕು ಪಟ್ಟು ದೊಡ್ಡವು. ದಾರಿ ನೆನಪಿಡಬೇಕಾದ ಬದುಕಿನಲ್ಲಿ, ಹಿಂದಿನಿಂದಲೂ ಇದ್ದ ನೆನಪಿನ ಭಾಗವೇ ಹಿಗ್ಗಿದೆ.

ಅಂಗ ಹಳೆಯದು, ಉಪಯೋಗ ಹೊಸದು ಎಂಬ ಮಾತನ್ನು ಇನ್ನೊಂದು ಬಗೆಯಲ್ಲಿ ಹೇಳುವ ಪತಂಗವೊಂದು ರಾಮನಗರದ ಸೀಮೆಯವರಿಗೆ ಚಿರಪರಿಚಿತ. ಬಿತ್ತನೆ ಕೋಠಿಯಲ್ಲಿ ಗೂಡು ಸೀಳಿ ಹೊರಬಂದ ರೇಷ್ಮೆಯ ಗಂಡು ಪತಂಗ ಹಾರಲಾರದು. ಸುಮಾರು ಐದು ಸಾವಿರ ವರ್ಷದ ಸಾಕಣೆ ಅದರ ಹಾರಾಟವನ್ನು ಕಸಿದುಕೊಂಡಿದೆ. ಅದು ಏನನ್ನೂ ತಿನ್ನುವುದೂ ಇಲ್ಲ. ಆದರೆ ಒಂದು ಹೆಣ್ಣನ್ನು ತಟ್ಟೆಯ ಆ ತುದಿಯಲ್ಲಿಟ್ಟು ನೋಡಿ: ಗಂಡು ಗರಿಯಂಥ ಮೀಸೆ ಅರಳಿಸಿ, ರೆಕ್ಕೆ ಪಟಪಟ ಬಡಿದು, ಅತ್ತಿತ್ತ ತೂರಾಡುತ್ತ ನಡೆದು ಬರುತ್ತದೆ. ಜರ್ಮನಿಯ ಅಡಾಲ್ಫ್ ಬ್ಯುಟೆನಾಂಟ್ ಸುಮಾರು 5 ಲಕ್ಷ ಹೆಣ್ಣುಗಳಿಂದ ಕೆಲವೇ ಮಿಲಿಗ್ರಾಂ ಸೋಸಿ ತೆಗೆದು 1959ರಲ್ಲಿ ಬಾಂಬಿಕಾಲ್ ಎಂದು ಹೆಸರಿಟ್ಟ, ಹೆಣ್ಣಿನ ವಾಸನೆಯೇ ಅದನ್ನು ಸೆಳೆಯುವುದು. ಹಾರಾಟಕ್ಕೆಂದೇ ರೆಕ್ಕೆ ಎನ್ನುವವರು ಈ ತಟ್ಟೆಯ ಮುಂದೆ ಒಂದು ಗಳಿಗೆ ನಿಲ್ಲಬೇಕು. ಹಾರಲಾಗದ ಈ ರೆಕ್ಕೆಗಳು ಈಗ ಬೀಸಣಿಗೆ. ಹೆಣ್ಣಿನ ಕಡೆಯ ಗಾಳಿಯನ್ನು ಮೀಸೆಯತ್ತ ಎಳೆದು ತಂದುಕೊಡುತ್ತಿವೆ.