ಲೇಸರ್ ಸ್ಕ್ಯಾನಿಂಗ್: ಮುಟ್ಟದೆ ಒಳಗನ್ನು ನೋಡುವ ಯಂತ್ರ

ಎಮ್ಮೆಗೆ ಕೃತಕ ಗರ್ಭಧಾರಣೆ ಮಾಡಿಸಿದ ದಿನದಿಂದಲೇ ನಿಮ್ಮ ಲೆಕ್ಕ ಶುರುವಾಗುತ್ತದೆ. 21 ದಿನಕ್ಕೆ ಮತ್ತೆ ಬೆದೆಗೆ ಬಂತೋ ಇಲ್ಲವೋ ಎಂದು ನಸುಕಿನಲ್ಲೇ ಎದ್ದು ನೋಡುತ್ತೀರಿ. ಎಮ್ಮೆಯದಂತೂ ಮೌನ ಬೆದೆ, ಬೇಸಿಗೆಯಲ್ಲಿ ಗೊತ್ತೇ ಆಗುವುದಿಲ್ಲ. ವೈದ್ಯರು ಕೈ ಹಾಕಿ ನೋಡಿ ಖಚಿತವಾಗಿ ಹೇಳಲು ಸಾಮಾನ್ಯವಾಗಿ ಎರಡು ತಿಂಗಳು ಬೇಕು. ಗಬ್ಬ ನಿಂತಿಲ್ಲ ಎಂದಾದರೆ ಅಷ್ಟು ದಿನದ ಹಿಂಡಿ, ಮೇವು ನಿಮ್ಮ ಗಂಟಿನಿಂದಲೇ ಹೋಯಿತು. ಸ್ಕ್ಯಾನಿಂಗ್ ಯಂತ್ರವಿದ್ದಲ್ಲಿ ಸುಮಾರು 30 ದಿನಕ್ಕೇ ತಿಳಿಯುತ್ತದೆ.

ಸ್ಕ್ಯಾನಿಂಗ್‌ನಲ್ಲಿ ಕೆಲಸ ಮಾಡುವುದು ಶಬ್ದ. ನಮ್ಮ ಕಿವಿಗೆ ಕೇಳಿಸದಷ್ಟು ಎತ್ತರದ ಸ್ವರದ ದನಿ ಒಳಗೆ ಹೋಗಿ, ತಾಗಿ, ಮರುದನಿಯಾಗಿ ಬರುತ್ತದೆ. ಯಂತ್ರ ಅದರಿಂದ ಚಿತ್ರ ಬರೆಯುತ್ತದೆ. ಆದರೆ ನಡುವೆ ಗಾಳಿ ಇದ್ದರೆ ದನಿ ಒಳಗೆ ಇಳಿಯದು. ಬಸುರಿಯಾಗಿದ್ದಾಗ ನಿಮ್ಮ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿ ಒತ್ತಿದ್ದು ಅದಕ್ಕೇ.

ಈಗ ವಿಜ್ಞಾನಿಗಳು ಮುಟ್ಟದೆಯೇ ಇದನ್ನು ಮಾಡಲು ಹೊರಟಿದ್ದಾರೆ. ಮಧ್ಯಾಹ್ನದ ಬಿಸಿಲಿಗೆ ದನದ ಕೊಟ್ಟಿಗೆಯ ಪತ್ರಾ ಟಕ್ ಟಕ್ ಎನ್ನುವುದನ್ನು ಕೇಳಿದ್ದೀರಲ್ಲ? ಕಾಯ್ದು ಹಿಗ್ಗುವಾಗ ಬರುವ ಸದ್ದು ಅದು. ಹಾಗೆಯೇ ಲೇಸರ್ ಬೆಳಕು ಕ್ಷಣಮಾತ್ರ ಚರ್ಮದ ಮೇಲೆ ಬಿದ್ದರೆ ಅಲ್ಲಿನ ನೀರಿನಂಶ ಕೊಂಚ ಬಿಸಿಯಾಗಿ ಹಿಗ್ಗಿ ದನಿ ಹುಟ್ಟುತ್ತದೆ. ಆ ದನಿ ಒಳಗೆ ಹೋಗಿ ಮರಳಿದಾಗ ಚರ್ಮ ಸೂಕ್ಷ್ಮವಾಗಿ ನಡುಗುತ್ತದೆ, ಎರಡನೇ ಲೇಸರ್ ಅದನ್ನು ಹಿಡಿಯುತ್ತದೆ. ಬೆಳಕಿನಿಂದ ಸದ್ದು ಹುಟ್ಟುತ್ತದೆ ಎಂದು ಗ್ರಹಾಂ ಬೆಲ್ 1880ರಲ್ಲೇ ಕಂಡಿದ್ದ. ಅಮೆರಿಕದ ಎಂಐಟಿ ಸಂಸ್ಥೆಯವರು 2019ರಲ್ಲಿ ಅರ್ಧ ಮೀಟರ್ ದೂರದಿಂದ ಜನರ ಮುಂಗೈ ನೋಡಿ, ಸುಮಾರು 6 ಸೆಂಟಿಮೀಟರ್ ಆಳದವರೆಗಿನ ಸ್ನಾಯು, ಕೊಬ್ಬು, ಎಲುಬು ಗುರುತಿಸಿದರು. ಕಣ್ಣಿಗೂ ಚರ್ಮಕ್ಕೂ ಅಪಾಯವಾಗದ ಲೇಸರನ್ನೇ ಬಳಸಿದ್ದರು.

ನಿಮ್ಮ ಎಮ್ಮೆಯ ಹೊಟ್ಟೆಗೆ ಆ ಆಳ ಎಲ್ಲಿ ಸಾಕು? ಹುಮನಾಬಾದಿನ ಪಶು ಆಸ್ಪತ್ರೆಗೆ ಇಂಥದ್ದು ನಾಳೆಯೇ ಬರುತ್ತದೆ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಸದ್ಯ ಕೈ ಪರೀಕ್ಷೆ ಮತ್ತು ಹಳೆಯ ಸ್ಕ್ಯಾನಿಂಗ್ ಇವೇ ಗತಿ. ದಿನಾಂಕ ಬರೆದಿಡಿ.

ಇದರ ಸೋದರ ವಿಧಾನ ಇನ್ನೊಂದಿದೆ. ಅದರಲ್ಲಿ ಬೆಳಕು ಒಳಗಿಳಿದು, ರಕ್ತವೇ ಅದನ್ನು ಹೀರಿ ದನಿ ಮಾಡುತ್ತದೆ. ಕ್ಯಾನ್ಸರ್ ಗಡ್ಡೆ ತನ್ನ ಸುತ್ತ ಹೊಸ ರಕ್ತನಾಳ ಬೆಳೆಸಿಕೊಳ್ಳುವುದರಿಂದ ಸ್ತನದ ಪರೀಕ್ಷೆಗೆ ಇದು ನೆರವಾದೀತು ಎಂದು ಹಲವು ದೇಶಗಳಲ್ಲಿ ಪ್ರಯತ್ನ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಈ ವಿಧಾನದ ಮೇಲೆ ಸಂಶೋಧನೆ ಆಗಿದೆ.

ಇಲ್ಲೊಂದು ಮಾತು, ಬೇಸರಪಟ್ಟುಕೊಳ್ಳಬೇಡಿ. ಕೆಚ್ಚಲು ಸ್ವಲ್ಪ ಗಟ್ಟಿಯಾದರೆ ಹಾಲು ಹಿಂಡುವಾಗಲೇ ನಿಮ್ಮ ಬೆರಳಿಗೆ ತಿಳಿಯುತ್ತದೆ, ಸಂಜೆಯೊಳಗೆ ಡಾಕ್ಟರಿಗೆ ಫೋನ್ ಹೋಗುತ್ತದೆ. ನಿಮ್ಮದೇ ಎದೆಯಲ್ಲಿ ಗಂಟು ಸಿಕ್ಕರೆ? ಸುಗ್ಗಿ ಮುಗಿಯಲಿ, ಮದುವೆ ಮುಗಿಯಲಿ ಎಂದು ತಿಂಗಳು ಕಳೆಯುತ್ತೀರಿ. ಅಂಥ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಆದರೆ ಯಾವುದು ಹೌದು ಯಾವುದು ಅಲ್ಲ ಎಂದು ಮನೆಯಲ್ಲಿ ಕೂತು ಹೇಳಲಾಗದು. ಲೇಸರ್ ಯಂತ್ರಕ್ಕೆ ಕಾಯಬೇಡಿ. ಬಸವಕಲ್ಯಾಣ, ಹುಮನಾಬಾದಿನ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ತೋರಿಸಿ. ನಾಚಿಕೆ ಎನಿಸಿದರೆ ಸಂಘದ ಗೆಳತಿಯನ್ನು ಜೊತೆಗೆ ಕರೆದುಕೊಳ್ಳಿ, ಅಂದಿನ ಹಾಲು ಹಾಕಲು ಮನೆಯವರನ್ನೇ ಕಳಿಸಿ.