ಬೇಜಾರಿನ ಲೆಕ್ಕ, ಉಂಡವರನ್ನೇ ಕೇಳಿ

ಸಂತೇಬೆನ್ನೂರು: ಈ ಭಾಗದಲ್ಲಿ ಡಾಕ್ಟರ ಮುಂದೆ ಕೂತು "ನನಗೆ ಖಿನ್ನತೆ" ಅನ್ನುವವರು ಅಪರೂಪ. "ನಿದ್ದೆ ಬರಲ್ಲ ಸಾರ್, ಮೈಯೆಲ್ಲಾ ನೋವು, ಯಾತ್ರ ಮ್ಯಾಲೂ ಮನಸಿಲ್ಲ" ಅನ್ನುವುದೇ ರೂಢಿ. ಒಂದು ಇಂಜೆಕ್ಷನ್ನು, ಒಂದು ಬಾಟ್ಲಿ ಗ್ಲೂಕೋಸು, ಒಂದು ಟಾನಿಕ್ಕು. ಬೇಜಾರು ಮಾತ್ರ ಇದ್ದಲ್ಲೇ ಇರುತ್ತದೆ.

ಇದು ಬರೀ ಹಳ್ಳಿಯ ಮಾತಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ರಘುರಾಮ್ ಮತ್ತು ಸಂಗಡಿಗರು 80 ಮಂದಿ ಹೊರರೋಗಿಗಳನ್ನು ಮಾತಾಡಿಸಿ 1996ರಲ್ಲಿ ವರದಿ ಪ್ರಕಟಿಸಿದರು. ಕಾಯಿಲೆಯನ್ನು ಅವರವರ ಮಾತಿನಲ್ಲೇ ಹೇಳಲು ಬಿಟ್ಟಾಗ ಗುಟ್ಟು ಹೊರಬಿತ್ತು. ಮೈಕೈ ನೋವು ಎಲ್ಲರಿಗೂ ಬರುತ್ತೆ, ಹೇಳಿಕೊಂಡರೆ ಅವಮಾನವಿಲ್ಲ. ಮನಸ್ಸಿನ ನೋವು ಹೇಳಿಕೊಂಡರೆ ಜನ ಕೀಳಾಗಿ ಕಾಣುತ್ತಾರೆ, ಮನೆಯ ಮದುವೆ ಮಾತುಕತೆಗೂ ಅಡ್ಡಿ. ಈ ಲೆಕ್ಕ ಗೊತ್ತಿದ್ದುದು ಅನುಭವಿಸಿದವರಿಗೆ.

ಪ್ರಶ್ನೆ ಬರೆಯುವವರು ಯಾರು?

ಸಮೀಕ್ಷೆ ನಡೆದಾಗ ಫಾರಂ ತುಂಬಿಸಿಕೊಂಡು ಹೋಗುತ್ತಾರೆ. ಆ ಫಾರಂನಲ್ಲಿ ಏನು ಕೇಳಬೇಕು ಅಂತ ತೀರ್ಮಾನಿಸುವ ಕೋಣೆಯಲ್ಲಿ ಕಾಯಿಲೆ ಉಂಡವರು ಕೂತಿದ್ದರೇ? ಗಿರಾಕಿ ಕೇಳದ ಮಾಲು ತುಂಬಿಟ್ಟ ಅಂಗಡಿ ಎಷ್ಟು ದಿನ ನಡೆದೀತು?

ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಖಿನ್ನತೆ ಇರುವ ನೂರರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಯಾಕೆ ಸಿಗಲಿಲ್ಲ? ದಾವಣಗೆರೆಗೆ ಹೋಗಿಬರಲು ಒಂದು ದಿನ ಅಂಗಡಿ ಬಾಗಿಲು ಹಾಕಬೇಕು, ಕೂಲಿ ತಪ್ಪುತ್ತದೆ, ಬಸ್ಸಿನಲ್ಲಿ ಸಿಕ್ಕ ಪರಿಚಯದವರಿಗೆ ಸುಳ್ಳು ಹೇಳಬೇಕು. ನಿದ್ದೆ ಎಷ್ಟು ಗಂಟೆ ಅಂತ ಡಾಕ್ಟರು ಕೇಳುತ್ತಾರೆ. ಬೆಳಿಗ್ಗೆ ಎದ್ದು ಷಟರ್ ಎತ್ತಲು ಆಗುತ್ತಾ ಅನ್ನುವುದು ಕಾಯಿಲೆಯವರ ಪ್ರಶ್ನೆ.

ಇದೇ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲಿ ಒಂದು ದಾರಿ ಕಾಣುತ್ತದೆ. ತೀವ್ರ ಮಾನಸಿಕ ಕಾಯಿಲೆಯವರಿಗಾಗಿ ಅಲ್ಲಿ ನಿಮ್ಹಾನ್ಸ್ ತಜ್ಞರು ಊರ ಹತ್ತಿರವೇ ಚಿಕಿತ್ಸೆ ಒದಗಿಸುವ ಕೆಲಸ ಮಾಡಿದರು. 2019ರಲ್ಲಿ ಪ್ರಕಟವಾದ ಅವರ ಅಧ್ಯಯನದ ವಿಷಯವೇ ಮನೆಯವರ ಕೈಯಿಂದ ಹೋಗುವ ಖರ್ಚು. ಜನಕ್ಕೆ ಬೇಕಾದ ಪ್ರಶ್ನೆ ಅಂದರೆ ಇಂಥದು.

ಕಾನೂನೂ ಇದೆ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ, ಸಾಮಾನ್ಯವಾಗಿ ವಿಷಯ ತಿಳಿಸಿ ಒಪ್ಪಿಗೆ ಪಡೆದೇ ಸಂಶೋಧನೆಗೆ ಸೇರಿಸಿಕೊಳ್ಳಬೇಕು. ಕೇಂದ್ರ ಮತ್ತು ರಾಜ್ಯ ಪ್ರಾಧಿಕಾರಗಳಲ್ಲಿ, ಕಾಯಿಲೆ ಇರುವ ಅಥವಾ ಇದ್ದು ವಾಸಿಯಾದವರ ಪರವಾಗಿ ಇಬ್ಬರು ಸದಸ್ಯರಿಗೆ ಜಾಗವಿದೆ. ರಾಜಧಾನಿಯಲ್ಲಿ ಕುರ್ಚಿ ಹಾಕಿದವರು ಸಂಶೋಧನೆಯ ಮೇಜಿನ ಮುಂದೆಯೂ ಹಾಕಲಿ.

ಬರೀ ಕರೆದರೆ ಸಾಲದು. ಬಸ್ ಚಾರ್ಜು ಕೊಡಬೇಕು, ಆ ದಿನದ ದುಡಿಮೆ ಕಟ್ಟಿಕೊಡಬೇಕು. ಹೆಸರು ಗುಟ್ಟಾಗಿಡಬೇಕು. ಫಾರಂ ಅವರು ಆಡುವ ಕನ್ನಡದಲ್ಲಿರಬೇಕು. ಬಂದ ಉತ್ತರವನ್ನು ಊರಿಗೆ ವಾಪಸ್ ಬಂದು ಹೇಳಬೇಕು; ಇಲ್ಲದಿದ್ದರೆ ಮುಂದಿನ ಸಲ ಬಾಗಿಲು ತೆರೆಯುವವರು ಯಾರು?

ಅಲ್ಲಿಯವರೆಗೆ ಬೇಜಾರು ನುಂಗಿಕೊಂಡು ಕೂರಬೇಕಾಗಿಲ್ಲ. 2022ರಿಂದ ಟೆಲಿ ಮಾನಸ್ ದೂರವಾಣಿ ಇದೆ: 14416. ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಅಂಗಡಿ ಬಾಗಿಲು ಹಾಕಬೇಕಾಗಿಯೂ ಇಲ್ಲ.