ಹೃದಯದಲ್ಲೊಂದು ರಂಧ್ರ: ಹಣದ ಲೆಕ್ಕ, ಕಾಲದ ಲೆಕ್ಕ

ಹುಟ್ಟಿದಾಗ ಚೆನ್ನಾಗಿಯೇ ಇದ್ದ ಕೂಸು ಎರಡನೆಯ ತಿಂಗಳಿಗೆ ಬರುವಷ್ಟರಲ್ಲಿ ಮೊಲೆಯುಣ್ಣುವಾಗ ಏದುಸಿರು ಬಿಡತೊಡಗುತ್ತದೆ. ನಾಲ್ಕು ಗುಟುಕು ಕುಡಿದು ದಣಿಯುತ್ತದೆ, ಹಣೆಯ ಮೇಲೆ ಬೆವರೊಡೆಯುತ್ತದೆ, ಮೈ ಹಿಡಿಯುವುದಿಲ್ಲ. ಮೇಲಿಂದ ಮೇಲೆ ಕೆಮ್ಮು, ಕಫ. ತಾಯಿ ದೃಷ್ಟಿ ತೆಗೆಯುತ್ತಾಳೆ, ಅಜ್ಜಿ ಹರಕೆ ಹೊರುತ್ತಾಳೆ. ಕೊನೆಗೆ ಊರಿನ ವೈದ್ಯರು ಎದೆಗೆ ಸ್ಟೆತಾಸ್ಕೋಪನ್ನಿಟ್ಟು ಕೇಳಿ, ಬಡಿತದೊಡನೆ ಬೇರೊಂದು ಮರ್ಮರ ಶಬ್ದವಿದೆಯೆಂದು ಹೇಳಿ ಪಟ್ಟಣಕ್ಕೆ ಕಳುಹಿಸುತ್ತಾರೆ. ಅಲ್ಲಿ ಪರೀಕ್ಷೆಯಾದ ಮೇಲೆ ತಿಳಿದುಬರುವ ಸಂಗತಿ ಇದು: ಮಗುವಿನ ಹೃದಯದಲ್ಲಿ ರಂಧ್ರವಿದೆ, ಶಸ್ತ್ರಚಿಕಿತ್ಸೆಯಾಗಬೇಕು.

“ಎಷ್ಟು ಖರ್ಚಾಗುತ್ತದೆ, ಡಾಕ್ಟರೇ?” ಎಂಬುದು ತಂದೆಯ ಮೊದಲ ಪ್ರಶ್ನೆ. ಲಕ್ಷಗಳ ಮಾತು ಕಿವಿಗೆ ಬಿದ್ದೊಡನೆ ಅವನ ಕಣ್ಣ ಮುಂದೆ ಎರಡೆಕರೆ ಹೊಲ, ಹೆಂಡತಿಯ ಕೊರಳಿನ ಸರ, ಊರಿನ ಸಾಹುಕಾರ ಸುಳಿಯುತ್ತಾರೆ. ಈ ಪ್ರಶ್ನೆ ಸಹಜವಾದುದು. ಆದರೆ ಇದರೊಡನೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯುಂಟು: “ಎಷ್ಟು ದಿನ ಕಾಯಬಹುದು?” ಈ ಎರಡನೆಯ ಪ್ರಶ್ನೆಯನ್ನು ಕೇಳದೆ ಹೋದ ಕುಟುಂಬ, ಹಣವನ್ನು ಕೂಡಿಸಿಕೊಂಡು ಬಂದರೂ ಬರಿಗೈಯಲ್ಲಿ ಹಿಂದಿರುಗುವುದುಂಟು. ಹೀಗೇಕೆಂಬುದನ್ನು ತಿಳಿಯಲು ಹೃದಯದ ರಚನೆಯನ್ನು ಸ್ವಲ್ಪ ನೋಡಬೇಕು.

ಎರಡು ಪಂಪುಗಳ ಮನೆ

ನಮ್ಮ ಹೃದಯ ಒಂದೇ ಅಂಗದಂತೆ ಕಂಡರೂ ಕೆಲಸದಲ್ಲಿ ಅದು ಅಕ್ಕಪಕ್ಕದಲ್ಲಿರುವ ಎರಡು ಪಂಪುಗಳು. ಬಲಭಾಗವು ಮೈಯಿಂದ ಬಂದ ಅಶುದ್ಧ ರಕ್ತವನ್ನು ಶ್ವಾಸಕೋಶಗಳಿಗೆ ಕಳುಹಿಸುತ್ತದೆ. ಎಡಭಾಗವು ಅಲ್ಲಿಂದ ಆಮ್ಲಜನಕವನ್ನು ಹೊತ್ತು ಬಂದ ರಕ್ತವನ್ನು ಇಡೀ ದೇಹಕ್ಕೆ ನೂಕುತ್ತದೆ. ಮೇಲಿನ ಕೋಣೆಗಳೆರಡಕ್ಕೆ ಹೃತ್ಕರ್ಣಗಳೆಂದೂ ಕೆಳಗಿನವಕ್ಕೆ ಹೃತ್ಕುಕ್ಷಿಗಳೆಂದೂ ಹೆಸರು. ಎಡದ ಹೃತ್ಕುಕ್ಷಿಯದು ದೂರದ ದುಡಿಮೆ; ತಲೆಯಿಂದ ಕಾಲಿನವರೆಗೆ ಅದು ರಕ್ತವನ್ನು ಮುಟ್ಟಿಸಬೇಕು. ವಯಸ್ಕರಲ್ಲಿ ಅದು ಸಂಕುಚಿಸುವಾಗಿನ ಒತ್ತಡ ಪಾದರಸದ ಸುಮಾರು ೧೨೦ ಮಿಲಿಮೀಟರುಗಳಷ್ಟು. ಶ್ವಾಸಕೋಶಗಳು ಹತ್ತಿರದಲ್ಲಿಯೇ ಇರುವುದರಿಂದ ಬಲದ ಹೃತ್ಕುಕ್ಷಿಗೆ ಸುಮಾರು ೨೫ ಮಿಲಿಮೀಟರಿನ ಒತ್ತಡವೇ ಸಾಕು.

ಈ ಎರಡು ಹೃತ್ಕುಕ್ಷಿಗಳ ನಡುವಿನ ಗೋಡೆ, ಮಗು ಗರ್ಭದಲ್ಲಿರುವಾಗಲೇ ಪೂರ್ಣವಾಗಿ ಕೂಡಿಕೊಳ್ಳಬೇಕು. ಕೂಡದೆ ಉಳಿದರೆ ಅಲ್ಲಿ ರಂಧ್ರ ನಿಲ್ಲುತ್ತದೆ. ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು ಎಂಟೊಂಬತ್ತು ಮಕ್ಕಳಿಗೆ ಹೃದಯದ ಒಂದಲ್ಲ ಒಂದು ಜನ್ಮಜಾತ ದೋಷವಿರುತ್ತದೆ. ಅವುಗಳಲ್ಲಿ ಹೆಚ್ಚಾಗಿ ಕಾಣಬರುವುದು ಈ ರಂಧ್ರವೇ. ಇದು ತಾಯಿಯ ತಪ್ಪೂ ಅಲ್ಲ, ಗ್ರಹಣದ ಫಲವೂ ಅಲ್ಲ. ರಂಧ್ರ ಸಣ್ಣದಾಗಿದ್ದರೆ ಅನೇಕ ಸಲ ಮೊದಲ ಕೆಲವು ವರ್ಷಗಳಲ್ಲಿ ತಾನೇ ಮುಚ್ಚಿಹೋಗುತ್ತದೆ. ದೊಡ್ಡದಾಗಿದ್ದರೆ ಮಾತ್ರ ಕಥೆ ಬೇರೆ.

ಮೋಸದ ಸುಧಾರಣೆ

ದೊಡ್ಡ ರಂಧ್ರವಿದ್ದಾಗ ಹೆಚ್ಚು ಒತ್ತಡದ ಎಡಗಡೆಯ ರಕ್ತ ಪ್ರತಿಯೊಂದು ಬಡಿತದಲ್ಲಿಯೂ ಬಲಗಡೆಗೆ ನುಗ್ಗುತ್ತದೆ. ಶ್ವಾಸಕೋಶಗಳಿಗೆ ಹೋಗಬೇಕಾದುದಕ್ಕಿಂತ ಎರಡು ಮೂರು ಪಟ್ಟು ರಕ್ತ ಹರಿಯುತ್ತದೆ. ಮಗು ಏದುವುದು, ಕಫ ಕಟ್ಟುವುದು, ಮೈ ಹಿಡಿಯದಿರುವುದು ಇದರಿಂದಲೇ. ಹುಟ್ಟಿದ ಮೊದಲ ವಾರಗಳಲ್ಲಿ ಶ್ವಾಸಕೋಶದ ರಕ್ತನಾಳಗಳು ಇನ್ನೂ ಬಿಗಿದುಕೊಂಡಿರುವುದರಿಂದ ಈ ನುಗ್ಗಾಟ ಕಡಿಮೆ. ಅವು ಸಡಿಲವಾದಂತೆ ನುಗ್ಗಾಟ ಹೆಚ್ಚುತ್ತದೆ. ಚೆನ್ನಾಗಿದ್ದ ಕೂಸು ಒಂದೆರಡು ತಿಂಗಳಲ್ಲಿ ಸೊರಗುವುದರ ಗುಟ್ಟು ಇದು.

ಮುಂದಿನ ಸಂಗತಿಯನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಶ್ವಾಸಕೋಶದ ರಕ್ತನಾಳಗಳು ಕಡಿಮೆ ಒತ್ತಡಕ್ಕಾಗಿ ನಿರ್ಮಾಣವಾದ ತೆಳು ನಾಳಗಳು. ಕಾಲುವೆಗೆ ಅಳತೆ ಮೀರಿ ನೀರು ಬಿಟ್ಟರೆ ರೈತನು ಬದುವನ್ನು ದಪ್ಪ ಮಾಡುವಂತೆ, ಈ ನಾಳಗಳೂ ತಮ್ಮ ಗೋಡೆಗಳನ್ನು ದಪ್ಪಮಾಡಿಕೊಳ್ಳುತ್ತವೆ. ಗೋಡೆ ದಪ್ಪವಾದಷ್ಟೂ ದಾರಿ ಕಿರಿದಾಗುತ್ತದೆ. ಆಗ ನುಗ್ಗುವ ರಕ್ತ ತಾನಾಗಿಯೇ ಕಡಿಮೆಯಾಗಿ, ಮಗುವಿನ ಏದುಸಿರು ತಗ್ಗುತ್ತದೆ, ಮೈಯೂ ಸ್ವಲ್ಪ ತುಂಬಿಕೊಳ್ಳುತ್ತದೆ. ಹರಕೆ ಫಲಿಸಿತೆಂದು ಮನೆಯವರು ನೆಮ್ಮದಿಯಿಂದ ಉಸಿರಾಡುತ್ತಾರೆ. ಶಸ್ತ್ರಚಿಕಿತ್ಸೆಯನ್ನು ಮುಂದಿನ ಸುಗ್ಗಿಗೆ, ಅದರ ಮುಂದಿನ ಸುಗ್ಗಿಗೆ ತಳ್ಳುತ್ತಾರೆ. ಆದರೆ ಇದು ಗುಣವಾದ ಲಕ್ಷಣವಲ್ಲ, ರೋಗ ಮುಂದುವರಿದ ಲಕ್ಷಣ. ನಾಳಗಳ ಬಿಗಿತ ಒಂದು ಮೇರೆಯನ್ನು ದಾಟಿದ ಮೇಲೆ ಬಲಗಡೆಯ ಒತ್ತಡವೇ ಹೆಚ್ಚಾಗಿ, ಅಶುದ್ಧ ರಕ್ತವು ರಂಧ್ರದ ಮೂಲಕ ಎಡಗಡೆಗೆ ಹರಿಯತೊಡಗುತ್ತದೆ; ತುಟಿ, ಉಗುರುಗಳು ನೀಲಿಗಟ್ಟುತ್ತವೆ. ಆಸ್ಟ್ರಿಯದ ವೈದ್ಯ ವಿಕ್ಟರ್ ಐಸೆನ್‌ಮೆಂಗರ್ ೧೮೯೭ರಲ್ಲಿ ೩೨ ವರ್ಷದ ರೋಗಿಯೊಬ್ಬನಲ್ಲಿ ಈ ಸ್ಥಿತಿಯನ್ನು ವರ್ಣಿಸಿದನು. ಈ ಹಂತದಲ್ಲಿ ರಂಧ್ರವನ್ನು ಮುಚ್ಚುವುದು ಪ್ರಾಣಾಪಾಯವೇ ಹೊರತು ಉಪಕಾರವಲ್ಲ. ಏಕೆಂದರೆ ದಣಿದ ಬಲ ಹೃತ್ಕುಕ್ಷಿಗೆ ಆ ರಂಧ್ರವೇ ಹೊರದಾರಿಯಾಗಿರುತ್ತದೆ.

ಆದುದರಿಂದಲೇ ದೊಡ್ಡ ರಂಧ್ರವನ್ನು ಸಾಮಾನ್ಯವಾಗಿ ಮಗುವಿನ ಮೊದಲ ವರ್ಷದೊಳಗೆ ಮುಚ್ಚುತ್ತಾರೆ. ಹೃತ್ಕರ್ಣಗಳ ನಡುವಿನ ರಂಧ್ರವಾದರೆ ಬಹುಮಟ್ಟಿಗೆ ಕೆಲವು ವರ್ಷ ಕಾಯಬಹುದು. ಎಲ್ಲ ರಂಧ್ರಗಳಿಗೂ ಒಂದೇ ಗಡುವಿಲ್ಲ. ತಮ್ಮ ಮಗುವಿನ ಗಡುವು ಯಾವುದೆಂಬುದನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು.

ವೆಚ್ಚವೇಕೆ ಅಷ್ಟು?

ಬಡಿಯುತ್ತಿರುವ ಹೃದಯವನ್ನು ತೆರೆದು ಒಳಗೆ ಹೊಲಿಯುವುದು ಬಹುಕಾಲ ಅಸಾಧ್ಯವೆನಿಸಿತ್ತು. ೧೯೫೩ರ ಮೇ ೬ರಂದು ಫಿಲಡೆಲ್ಫಿಯದಲ್ಲಿ ಜಾನ್ ಗಿಬ್ಬನ್ ಎಂಬ ಶಸ್ತ್ರವೈದ್ಯನು ಹೃದಯದ ಮತ್ತು ಶ್ವಾಸಕೋಶಗಳ ಕೆಲಸವನ್ನು ಒಂದು ಯಂತ್ರಕ್ಕೆ ವಹಿಸಿ, ೧೮ ವರ್ಷದ ಯುವತಿಯ ಹೃತ್ಕರ್ಣಗಳ ನಡುವಿನ ರಂಧ್ರವನ್ನು ಮುಚ್ಚಿದನು. ಆ ಯಂತ್ರ ದೊಡ್ಡದು, ತೊಡಕಿನದು. ಮರುವರ್ಷ ಮಾರ್ಚ್ ೨೬ರಂದು ಮಿನಿಯಾಪೊಲಿಸ್‌ನಲ್ಲಿ ವಾಲ್ಟನ್ ಲಿಲ್ಲೆಹೈ ಬೇರೊಂದು ದಾರಿ ಹಿಡಿದನು. ಒಂದು ವರ್ಷದ ಗಂಡು ಮಗುವಿನ ಹೃತ್ಕುಕ್ಷಿಗಳ ನಡುವಣ ರಂಧ್ರವನ್ನು ಮುಚ್ಚಬೇಕಾಗಿತ್ತು. ಯಂತ್ರದ ಬದಲಿಗೆ ಮಗುವಿನ ತಂದೆಯನ್ನೇ ಪಕ್ಕದ ಮೇಜಿನ ಮೇಲೆ ಮಲಗಿಸಿ, ಅವನ ರಕ್ತನಾಳಗಳಿಗೆ ಮಗುವಿನ ನಾಳಗಳನ್ನು ಕೊಳವೆಗಳಿಂದ ಜೋಡಿಸಿ, ಆ ಹೊತ್ತಿನಷ್ಟು ಕಾಲ ತಂದೆಯ ಹೃದಯ ಮತ್ತು ಶ್ವಾಸಕೋಶಗಳೇ ಮಗುವಿಗೂ ದುಡಿಯುವಂತೆ ಮಾಡಿದನು. ರಂಧ್ರ ಮುಚ್ಚಿತು, ಆದರೆ ೧೧ ದಿನಗಳ ಅನಂತರ ಮಗು ನ್ಯುಮೋನಿಯದಿಂದ ತೀರಿಕೊಂಡಿತು. ಹೀಗೆ ಒಟ್ಟು ೪೫ ರೋಗಿಗಳಿಗೆ ಶಸ್ತ್ರಚಿಕಿತ್ಸೆಯಾಗಿ, ೨೮ ಮಂದಿ ಬದುಕಿ ಮನೆಗೆ ಹೋದರು. ೧೯೫೫ರಲ್ಲಿ ಅದೇ ತಂಡದವರು ಪ್ಲಾಸ್ಟಿಕ್ ಕೊಳವೆಗಳಿಂದ ರಕ್ತಕ್ಕೆ ಆಮ್ಲಜನಕವನ್ನು ಬೆರೆಸುವ ಸರಳ ಉಪಕರಣವನ್ನು ಮಾಡಿದ ಮೇಲೆ ಈ ಚಿಕಿತ್ಸೆ ಜಗತ್ತಿನ ಅನೇಕ ಆಸ್ಪತ್ರೆಗಳಿಗೆ ಹರಡಿತು.

ಅಂದು ತಂದೆಯೊಬ್ಬನು ತನ್ನ ಮೈಯಿಂದ ಮಾಡಿದ ಕೆಲಸವನ್ನು ಇಂದು ಯಂತ್ರವೂ ಹತ್ತಾರು ಕೈಗಳೂ ಮಾಡುತ್ತವೆ. ರಕ್ತಕ್ಕೆ ಆಮ್ಲಜನಕ ತುಂಬುವ ಉಪಕರಣವನ್ನೂ ಕೊಳವೆಗಳನ್ನೂ ಒಬ್ಬ ರೋಗಿಗೆ ಬಳಸಿ ಬಿಸುಡಬೇಕು. ಶಸ್ತ್ರವೈದ್ಯರಲ್ಲದೆ ಅರಿವಳಿಕೆಯ ವೈದ್ಯರು, ಯಂತ್ರವನ್ನು ನಡೆಸುವ ತಜ್ಞರು, ಹಗಲಿರುಳು ಹಾಸಿಗೆಯ ಬಳಿ ನಿಲ್ಲುವ ದಾದಿಯರು ಬೇಕು. ಔಷಧಿ, ರಕ್ತ, ತೀವ್ರ ನಿಗಾ ಘಟಕದ ದಿನಗಳು ಇವೆಲ್ಲ ಸೇರಿ ಮೊತ್ತ ಬೆಳೆಯುತ್ತದೆ. ರೋಗ ಮುಂದುವರಿದಷ್ಟೂ ನಿಗಾ ಘಟಕದ ದಿನಗಳು ಹೆಚ್ಚುವ ಸಂಭವವುಂಟು. ಅಂದರೆ ಹಣಕ್ಕಾಗಿ ಮಾಡಿದ ವಿಳಂಬವೇ ಹಣದ ಹೊರೆಯನ್ನು ಹೆಚ್ಚಿಸಬಲ್ಲದು.

ಯಾವ ಬಾಗಿಲನ್ನು ಮೊದಲು ತಟ್ಟಬೇಕು?

ಹಣವಿಲ್ಲದ ಕುಟುಂಬ ಮೊದಲು ಸಾಹುಕಾರನ ಬಾಗಿಲಿಗೆ ಹೋಗುವುದು ರೂಢಿ. ಅದು ಕೊನೆಯ ಬಾಗಿಲಾಗಿರತಕ್ಕದ್ದು. ಕರ್ನಾಟಕದಲ್ಲಿ ಈ ದಿಕ್ಕಿನಲ್ಲಿ ಕೆಲವು ಮಹತ್ವದ ಪ್ರಯತ್ನಗಳು ನಡೆದಿವೆ. ೨೦೦೩ರಲ್ಲಿ ಸಹಕಾರ ಸಂಘಗಳ ರೈತ ಸದಸ್ಯರಿಗಾಗಿ ಯಶಸ್ವಿನಿ ಯೋಜನೆ ಆರಂಭವಾಯಿತು. ಮೊದಲಿಗೆ ತಲೆಗೆ ತಿಂಗಳಿಗೆ ೫ ರೂಪಾಯಿಯಂತೆ ಕೊಟ್ಟ ಸದಸ್ಯರು ಹೃದಯದ ಶಸ್ತ್ರಚಿಕಿತ್ಸೆಯನ್ನೂ ಪಡೆಯುವಂತಾಯಿತು. ೨೦೧೮ರಲ್ಲಿ ನಿಂತ ಆ ಯೋಜನೆ ೨೦೨೨ರಲ್ಲಿ ಪುನಃ ಚಾಲನೆ ಪಡೆಯಿತು.

೨೦೧೦ರಲ್ಲಿ ಬಡತನದ ರೇಖೆಯ ಕೆಳಗಿನ ಕುಟುಂಬಗಳಿಗಾಗಿ ಬಂದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಉತ್ತರದ ಜಿಲ್ಲೆಗಳಲ್ಲಿ ಜಾರಿಯಾಗಿ, ದಕ್ಷಿಣದ ಜಿಲ್ಲೆಗಳಿಗೆ ಅನಂತರ ವಿಸ್ತರಿಸಿತು. ಇದರಿಂದ ಸಂಶೋಧಕರಿಗೆ ಒಂದು ಸಹಜ ಪ್ರಯೋಗವೇ ದೊರೆತಂತಾಯಿತು. ಗಡಿಯ ಈಚೆಯ ಹಳ್ಳಿಗಳಿಗೆ ಯೋಜನೆಯುಂಟು, ಆಚೆಯ ಹಳ್ಳಿಗಳಿಗೆ ಇಲ್ಲ. ಉಳಿದಂತೆ ಮಳೆ, ಬೆಳೆ, ಬದುಕು ಹೆಚ್ಚು ಕಡಿಮೆ ಒಂದೇ. ಐನೂರಕ್ಕೂ ಹೆಚ್ಚು ಹಳ್ಳಿಗಳನ್ನು ಹೋಲಿಸಿ ೨೦೧೪ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯೋಜನೆಯ ವ್ಯಾಪ್ತಿಗೆ ಬರುವ ರೋಗಗಳಿಂದಾದ ಸಾವು ಈಚೆಯ ಬಡ ಕುಟುಂಬಗಳಲ್ಲಿ ಆಚೆಯದರ ಮೂರನೆಯ ಒಂದು ಪಾಲಿನ ಆಸುಪಾಸಿನಲ್ಲಿತ್ತು. ಆಸ್ಪತ್ರೆಗಾಗಿ ಕೈಯಿಂದ ತೆತ್ತ ಹಣವೂ ಕಡಿಮೆಯಾಗಿತ್ತು. ನೆರವು ಸಕಾಲದಲ್ಲಿ ಕೈಗೆಟುಕಿದರೆ ಜೀವಗಳು ಉಳಿಯುತ್ತವೆ ಎಂಬುದು ಹೀಗೆ ಬರಿಯ ಮಾತಾಗಿ ಉಳಿಯದೆ, ಅಳೆದು ನೋಡಿದ ಸತ್ಯವಾಯಿತು.

೨೦೧೮ರಲ್ಲಿ ಇಂಥ ಹಲವು ಯೋಜನೆಗಳು ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಎಂಬ ಒಂದೇ ಯೋಜನೆಯಲ್ಲಿ ಕೂಡಿಕೊಂಡವು. ಬಡ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಯನ್ನು ಅದು ಗೊತ್ತುಮಾಡಿತು. ಪಡಿತರ ಚೀಟಿ, ಆಧಾರ್ ಚೀಟಿಗಳೊಡನೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿಂದ ಶಿಫಾರಸು ಪತ್ರವನ್ನು ಪಡೆದು ದೊಡ್ಡ ಆಸ್ಪತ್ರೆಗೆ ಹೋಗುವುದು ಅದರ ಸಾಮಾನ್ಯ ಕ್ರಮ. ಈ ಮೆಟ್ಟಿಲನ್ನು ಬಿಟ್ಟು ನೇರವಾಗಿ ನಗರಕ್ಕೆ ಓಡಿದ ಕುಟುಂಬಗಳು ಹಿಂದಕ್ಕೂ ಮುಂದಕ್ಕೂ ಅಲೆದು ಅಮೂಲ್ಯವಾದ ವಾರಗಳನ್ನು ಕಳೆದುಕೊಳ್ಳುತ್ತವೆ. ೨೦೧೩ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಗಳು ಅಂಗನವಾಡಿಗಳಿಗೂ ಶಾಲೆಗಳಿಗೂ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ಅವು ಹುಡುಕುವ ದೋಷಗಳಲ್ಲಿ ಜನ್ಮಜಾತ ಹೃದ್ರೋಗವೂ ಒಂದು. ಪುಟ್ಟಪರ್ತಿಯಲ್ಲಿ ೧೯೯೧ರಲ್ಲಿ, ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ೨೦೦೧ರಲ್ಲಿ ತೆರೆದ ಶ್ರೀ ಸತ್ಯಸಾಯಿ ಆಸ್ಪತ್ರೆಗಳು ಶುಲ್ಕವಿಲ್ಲದೆ ಹೃದಯದ ಶಸ್ತ್ರಚಿಕಿತ್ಸೆ ಮಾಡುತ್ತ ಬಂದಿವೆ. ಸರ್ಕಾರದ ಜಯದೇವ ಹೃದ್ರೋಗ ಸಂಸ್ಥೆಯುಂಟು. ಉಳಿದ ಕೊರತೆಗೆ ಮುಖ್ಯಮಂತ್ರಿಗಳ ಮತ್ತು ಪ್ರಧಾನಮಂತ್ರಿಗಳ ಪರಿಹಾರ ನಿಧಿಗಳಿಗೆ ಅರ್ಜಿ ಹಾಕಬಹುದು. ಬಸ್ಸಿನ ಖರ್ಚು, ನಗರದಲ್ಲಿ ತಂಗುವ ಖರ್ಚು, ತಪ್ಪಿದ ಕೂಲಿ ಇವು ಮಾತ್ರ ಬಹುತೇಕ ಕುಟುಂಬದ ತಲೆಯ ಮೇಲೆಯೇ ಬೀಳುತ್ತವೆ. ಊರವರ, ಬಂಧುಗಳ ನೆರವು ಸಾರ್ಥಕವಾಗುವುದು ಇಲ್ಲಿ.

ನೆರೆಮನೆಯ ಕೂಸು ಹಾಲು ಕುಡಿಯುವಾಗ ಬೆವರುವುದನ್ನು ಕಂಡರೆ ಇಷ್ಟನ್ನು ಅದರ ತಾಯಿತಂದೆಯರಿಗೆ ತಿಳಿಸುವುದು ವಾಚಕರಿಂದ ಆಗುವ ದೊಡ್ಡ ಸಹಾಯ. ವೈದ್ಯರ ಮುಂದೆ ಕುಳಿತಾಗ ಎರಡೂ ಪ್ರಶ್ನೆಗಳನ್ನು ಕೇಳಲಿ: ಎಷ್ಟು ಹಣ ಬೇಕು, ಎಷ್ಟು ಕಾಲವಿದೆ? ಹಣವನ್ನು ಹತ್ತು ಕಡೆಯಿಂದ ಕೂಡಿಸಬಹುದು. ಕಳೆದ ಕಾಲವನ್ನು ಯಾವ ನಿಧಿಯೂ ಮರಳಿ ಕೊಡಲಾರದು.